ಆಟದ ಅಂಗಳದಲ್ಲಿ ಶರಣಾರ್ಥಿಗೆ ಎಡೆ



ದಿನಕ್ಕೆ ಎಷ್ಟು ಸಲ ನಾವು ‘ಶರಣು ಶರಣಾರ್ಥಿ’ ಎನ್ನುತ್ತೇವೆಂಬುದನ್ನು ಲೆಕ್ಕವಿಟ್ಟವರಾರು? ಹಾದಿಯಲ್ಲಿ ಭಕ್ತರು ಎದುರಾದರೆ ಕೈಜೋಡಿಸಿ ಹೀಗೆನ್ನುತ್ತೇವೆ. ಕಾಗದದ ತಲೆಯಲ್ಲಿ ಬರೆಯುತ್ತೇವೆ. ಮಠದ ಬಾಗಿಲಲ್ಲಿ ಬಾಗಿ ನುಡಿಯುತ್ತೇವೆ. ನುಡಿಯು ನಾಲಗೆಗೆ ಅಷ್ಟು ರೂಢಿಯಾಗಿರುವುದರಿಂದಲೇ ಅದರ ಅರ್ಥದ ಕಡೆಗೆ ಮನಸ್ಸು ಹರಿಯುವುದು ಅಪೂರ್ವ. ಸಂಸ್ಕೃತದಲ್ಲಿ ‘ಶರಣ’ವೆಂದರೆ ಮನೆಯೆಂದೂ ಕಾಯುವವನೆಂದೂ ಕೋಶಕಾರರು ಅರ್ಥ ಹೇಳುತ್ತಾರೆ. ಅದನ್ನು ಅರ್ಥಿಸುವವನು, ಎಂದರೆ ಬೇಡುವವನು, ಶರಣಾರ್ಥಿ. ಉತ್ತರದೇಶದ ಹಿಂದೀ ಭಾಷೆಯಲ್ಲಿ ಇದೇ ಶಬ್ದವು ನಾಡು ಬಿಟ್ಟು ಓಡಿಬಂದ ನಿರಾಶ್ರಿತನಿಗೆ ಹೆಸರಾಗಿ ನಿಂತಿದೆ. ನಾವು ವಂದನೆಗೆ ಬಳಸುವ ಮಾತನ್ನು ಅವರು ನೆಲೆ ತಪ್ಪಿದವನಿಗೆ ಬಳಸುತ್ತಾರೆ. ಹಾಗಾದರೆ ‘ಶರಣಾರ್ಥಿ’ ಎಂದು ಕೈಮುಗಿಯುವಾಗಲೆಲ್ಲ ನಾನೂ ನೆಲೆ ಬೇಡಿ ಬಂದವನೇ ಎಂದು ಒಪ್ಪಿಕೊಂಡಂತಾಯಿತಷ್ಟೆ.

ಇದು ಬರಿಯ ಶಬ್ದಚಮತ್ಕಾರವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದವರ ಹುಟ್ಟೂರುಗಳನ್ನು ಒಮ್ಮೆ ನೆನೆಯಿರಿ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕ ಉಡುತಡಿಯವಳು, ಸಿದ್ಧರಾಮೇಶ್ವರರು ಸೊನ್ನಲಿಗೆಯವರು, ಮೋಳಿಗೆಯ ಮಾರಯ್ಯನವರು ದೂರದ ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಬಂದವರಿಗೆಲ್ಲ ಕಲ್ಯಾಣವು ನೆಲೆಯಾಯಿತು. ಆ ಕಲ್ಯಾಣವೇ ಒಡೆದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರೊಡನೆ ಹೊರಟವರು, ಬೆನ್ನಟ್ಟಿದ ಸೈನ್ಯವನ್ನು ತಪ್ಪಿಸಿಕೊಂಡು, ಕಾಡುಮೇಡು ಹಾದು ಉಳವಿಯನ್ನು ಸೇರಿದರೆಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಕಥೆ. ಆ ದಾರಿಯ ಊರುಗಳಲ್ಲಿ ಬಾಗಿಲು ತೆರೆದವರೂ ಇದ್ದಿರಬೇಕು, ಒಳಗಿನಿಂದ ಅಗುಳಿ ಹಾಕಿಕೊಂಡವರೂ ಇದ್ದಿರಬೇಕು.

ಇಂದು ಹಾಗೆ ಬಾಗಿಲ ಮುಂದೆ ನಿಂತವರ ಸಂಖ್ಯೆ ಎಣಿಕೆಗೆ ನಿಲುಕದಷ್ಟಾಗಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಲೆಕ್ಕದಂತೆ ೨೦೨೪ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳ ದೆಸೆಯಿಂದ ಮನೆ ತೊರೆದವರು ಜಗತ್ತಿನಲ್ಲಿ ೧೨ ಕೋಟಿಗೂ ಹೆಚ್ಚು. ಇವರಿಗೆ ಅನ್ನ ಬೇಕು, ಹೊದೆಯಲು ಬಟ್ಟೆ ಬೇಕು, ತಲೆಯ ಮೇಲೆ ಸೂರು ಬೇಕು ಎಂಬುದನ್ನು ದಾಸೋಹದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹೊಟ್ಟೆ ತುಂಬಿದ ಮೇಲೂ ಉಳಿಯುವ ಇನ್ನೊಂದು ಹಸಿವಿದೆ. ಅದರ ಮಾತು ಇಂದಿನದು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಹಿರಿಯರು ನಮಗೆ ಬಗೆಬಗೆಯಾಗಿ ತಿಳಿಸಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಆದರೆ ವ್ಯವಹಾರದಲ್ಲಿ ಇದು ಎಷ್ಟು ಕಠಿಣ! ಮನೆಮಠ ಕಳೆದುಕೊಂಡು ಬಂದವನಿಗೆ ನಾವು ಎಷ್ಟೇ ವಿನಯದಿಂದ ಬಡಿಸಿದರೂ ಬಡಿಸುವವರು ನಾವೇ, ಉಣ್ಣುವವನು ಅವನೇ. ಇಂದೂ ಹಾಗೆಯೇ, ನಾಳೆಯೂ ಹಾಗೆಯೇ. ವರ್ಷವಾದರೂ ಹಾಗೆಯೇ ಮುಂದುವರಿದರೆ ಅವನ ಬೆನ್ನು ತಾನಾಗಿ ಬಾಗುತ್ತದೆ, ನಮ್ಮ ಕತ್ತು ತಾನಾಗಿ ಸೆಟೆಯುತ್ತದೆ. ಇಬ್ಬರಿಗೂ ಕೇಡು. ಅವನು ನಮ್ಮ ಸರಿಸಮಕ್ಕೆ ಬಂದು ನಿಲ್ಲುವ, ಬೇಕಾದರೆ ನಮ್ಮನ್ನು ಮೀರಿಸುವ ಒಂದು ಎಡೆಯನ್ನು ಊರು ಅವನಿಗೆ ಒದಗಿಸಬೇಕು. ಅಂಥ ಎಡೆಗಳಲ್ಲಿ ಎಲ್ಲಕ್ಕಿಂತ ಬೇಗ ದೊರಕುವುದು ಆಟದ ಅಂಗಳ.

ಮಠದ ಮಾಸಪತ್ರಿಕೆಯಲ್ಲಿ ಚೆಂಡು ದಾಂಡುಗಳ ಪ್ರಸ್ತಾಪವೇಕೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅವರು ನಮ್ಮ ಜಾತ್ರೆಗಳನ್ನು ನೆನಪಿಗೆ ತಂದುಕೊಳ್ಳಲಿ. ತೇರಿನ ಮರುದಿನ ಕುಸ್ತಿಯ ಕಣವಿಲ್ಲದ ಜಾತ್ರೆ ಎಷ್ಟಿವೆ? ಕಣಕ್ಕಿಳಿಯುವ ಪೈಲವಾನನು ಯಾವ ಊರಿನವನೆಂದು ಸಾರುತ್ತಾರೆ. ಸಾರಿದ ಮೇಲೆ ಆ ಮಾತು ಮುಗಿಯಿತು. ಇಬ್ಬರೂ ಅದೇ ಮಣ್ಣನ್ನು ಮೈಗೆ ಹಚ್ಚಿಕೊಳ್ಳುತ್ತಾರೆ, ಇಬ್ಬರಿಗೂ ಅದೇ ಪಟ್ಟು, ಅದೇ ನಿಯಮ. ಪರಊರಿನವನು ನಮ್ಮವನನ್ನು ಚಿತ್ತಾಗಿ ಕೆಡವಿದರೆ ಮೊದಲು ಒಂದು ಗಳಿಗೆ ಮೌನ, ಆಮೇಲೆ ಚಪ್ಪಾಳೆ. ಊಟದಲ್ಲಿ ಪಂಕ್ತಿಭೇದ ಕೂಡದೆಂದು ನಾವು ಬಲ್ಲೆವು. ಮೈಯ ಶಕ್ತಿಗೆ, ಮನದ ಧೈರ್ಯಕ್ಕೆ ಪಂಕ್ತಿಭೇದವಿಲ್ಲದ ಎಡೆ ಈ ಕಣ. ಆಟದಲ್ಲಿ ಭಿಕ್ಷೆಯಿಲ್ಲ. ಎದುರಾಳಿಯು ಮರುಕದಿಂದ ಬಿಟ್ಟುಕೊಟ್ಟ ಗೆಲುವನ್ನು ಏಳು ವರ್ಷದ ಮಗು ಕೂಡ ಕಂಡುಹಿಡಿದು ಅಳುತ್ತದೆ.

ಇದಕ್ಕೆ ನಡೆದ ಸಂಗತಿಯೊಂದನ್ನು ವಿಸ್ತಾರವಾಗಿ ಹೇಳಬೇಕು. ಅಮೆರಿಕಾ ದೇಶದ ಜಾರ್ಜಿಯಾ ಪ್ರಾಂತದಲ್ಲಿ, ಅಟ್ಲಾಂಟಾ ಮಹಾನಗರದ ಮಗ್ಗುಲಿಗೆ, ಕ್ಲಾರ್ಕ್‌ಸ್ಟನ್ ಎಂಬ ಸಣ್ಣ ಪಟ್ಟಣವಿದೆ. ಬಾಡಿಗೆ ಮನೆಗಳು ಅಗ್ಗ, ನಗರಕ್ಕೆ ಬಸ್ಸಿನ ಸೌಕರ್ಯವುಂಟು ಎಂಬ ಕಾರಣದಿಂದ ೧೯೯೦ರ ದಶಕದಿಂದ ಅಲ್ಲಿಗೆ ನಿರಾಶ್ರಿತರನ್ನು ತಂದು ನೆಲೆಗೊಳಿಸತೊಡಗಿದರು. ಬಾಸ್ನಿಯಾ, ಸೂಡಾನ್, ಲೈಬೀರಿಯಾ, ಕಾಂಗೋ, ಇರಾಕ್, ಆಫ್ಘಾನಿಸ್ತಾನ—ಎಲ್ಲೆಲ್ಲಿ ಊರು ಸುಟ್ಟಿತೋ ಅಲ್ಲಲ್ಲಿಯ ಸಂಸಾರಗಳು ಬಂದಿಳಿದವು. ಕೆಲವೇ ವರ್ಷಗಳಲ್ಲಿ ಹಳೆಯ ನಿವಾಸಿಗಳಿಗೆ ತಮ್ಮ ಊರೇ ತಮಗೆ ಗುರುತು ಸಿಗದಂತಾಯಿತು. ಅವರನ್ನು ಕೆಟ್ಟವರೆಂದು ತಳ್ಳಿಹಾಕುವುದು ಸುಲಭ. ಆದರೆ ತಲೆತಲಾಂತರದಿಂದ ಪರಿಚಿತವಾದ ಬೀದಿಯಲ್ಲಿ ಪರಿಚಯದ ಮುಖವೊಂದೂ ಕಾಣದಿದ್ದರೆ ಯಾರಿಗಾದರೂ ಎದೆ ಅಳುಕುವುದು ಸಹಜವೇ.

೨೦೦೪ರಲ್ಲಿ ಲೂಮಾ ಮುಫ್ಲೇ ಎಂಬ ತರುಣಿ, ಜೋರ್ಡಾನ್ ದೇಶದವಳು, ತನ್ನ ಕಡೆಯ ತಿಂಡಿತಿನಿಸು ಸಿಗುವ ಅಂಗಡಿಯನ್ನು ಹುಡುಕಿಕೊಂಡು ಆ ಪಟ್ಟಣಕ್ಕೆ ಬಂದಳು. ದಾರಿ ತಪ್ಪಿ ವಠಾರವೊಂದರ ವಾಹನ ನಿಲ್ಲಿಸುವ ಬಯಲಿಗೆ ನುಗ್ಗಿದಾಗ, ಅಲ್ಲಿ ಹುಡುಗರು ಬರಿಗಾಲಲ್ಲಿ, ಹರಕು ಚೆಂಡಿನಿಂದ, ಕಲ್ಲುಗಳನ್ನಿಟ್ಟು ಗೋಲು ಮಾಡಿಕೊಂಡು ಕಾಲ್ಚೆಂಡಾಡುತ್ತಿದ್ದರು. ಈಕೆಯೂ ಆ ದೇಶದಲ್ಲಿ ಆಶ್ರಯ ಬೇಡಿ ಉಳಿದವಳೇ. ಇನ್ನೊಂದು ದಿನ ಒಳ್ಳೆಯ ಚೆಂಡೊಂದನ್ನು ತಂದಳು. ಹಾಗೆ ಹುಟ್ಟಿದ ಹುಡುಗರ ತಂಡಕ್ಕೆ ‘ಫ್ಯೂಜೀಸ್’ ಎಂದು ಹೆಸರಾಯಿತು. ನಿರಾಶ್ರಿತರೆಂಬ ಅರ್ಥದ ಆಂಗ್ಲ ಶಬ್ದದ ಬಾಲವನ್ನೇ ಕತ್ತರಿಸಿ ಮಾಡಿದ ಹೆಸರು ಅದು. ಇತರರು ಹಳಿಯಲು ಬಳಸಬಹುದಾದ ಮಾತನ್ನೇ ಎದೆಯ ಮೇಲೆ ಬರೆದುಕೊಂಡು ಆಡಿದರು.

ಈಕೆಗೆ ಆ ಬುದ್ಧಿ ಎಲ್ಲಿಂದ ಬಂದಿತೆಂಬುದು ಇನ್ನೂ ಸ್ವಾರಸ್ಯವಾದ ಸಂಗತಿ. ಚಿಕ್ಕಂದಿನಲ್ಲಿ ಅಜ್ಜಿಯು ಇವಳನ್ನು ನಿರಾಶ್ರಿತರ ಶಿಬಿರವೊಂದಕ್ಕೆ ಕರೆದೊಯ್ದಳಂತೆ. ಅಲ್ಲಿಯ ಮಕ್ಕಳೊಡನೆ ಆಡಿ ಬಾ ಎಂದಾಗ ಹುಡುಗಿಯು ಹಿಂಜರಿದು, ಅವರನ್ನು ಕಂಡರೆ ಅಯ್ಯೋ ಎನಿಸುತ್ತದೆ ಎಂದಳು. ಅಜ್ಜಿ ಅದನ್ನು ಒಪ್ಪಲಿಲ್ಲ. ಮರುಕ ಪಡುವುದನ್ನು ಬಿಡು, ಅವರಲ್ಲಿ ನಂಬಿಕೆಯಿಡು ಎಂಬ ಭಾವದ ಮಾತನ್ನಾಡಿ, ಆಡದೆ ಮರಳಬೇಡವೆಂದು ಅಟ್ಟಿದಳು. ಇದನ್ನು ಆ ಮಹಿಳೆಯೇ ಮುಂದೆ ಸಭೆಯಲ್ಲಿ ಹೇಳಿಕೊಂಡಿದ್ದಾಳೆ. ನಮ್ಮ ಅಜ್ಜಿಯರೂ ಬಂದವರಿಗೆ ನೀರು ಕೊಡು, ಬೆಲ್ಲ ಕೊಡು ಎಂದು ಕಲಿಸಿದ್ದಾರೆ. ಬಂದವರ ಮಗುವಿನೊಡನೆ ಆಡಿ ಬಾ ಎಂದು ಅಟ್ಟಿದವರನ್ನು ನೀವೇ ನೆನೆದುಕೊಳ್ಳಿ.

ತಂಡ ಕಟ್ಟಿದೊಡನೆ ಎಲ್ಲವೂ ಹಸನಾಯಿತೆಂದು ತಿಳಿಯಬಾರದು. ಹುಡುಗರು ತಮ್ಮ ತಮ್ಮ ದೇಶದವರೊಡನೆ, ತಮ್ಮ ನುಡಿಯವರೊಡನೆ ಗುಂಪುಗೂಡುತ್ತಿದ್ದರು. ಚೆಂಡನ್ನು ಕೂಡ ತಮ್ಮವರಿಗೇ ಕೊಡುವ ಬಯಕೆ. ಊರಿಗೂರೇ ಹೊತ್ತಿ ಉರಿದದ್ದನ್ನು ಕಂಡ ಮಕ್ಕಳಿಗೆ ಪರರನ್ನು ನಂಬುವುದು ಸುಲಭವೆ? ಆ ಗುರುವಿಣಿ ಗುಂಪುಗಳನ್ನು ಒಡೆದು ಬೆರೆಸಿದಳು. ಪಾಠಕ್ಕೆ ಬಾರದವನಿಗೆ ಆಟವಿಲ್ಲವೆಂದು ಕಟ್ಟಳೆ ಮಾಡಿದಳು. ಆಗ ಇನ್ನೊಂದು ಸತ್ಯ ಹೊರಬಿತ್ತು: ಮೈದಾನದಲ್ಲಿ ಚುರುಕಾಗಿ ಓಡುವ ಹುಡುಗನಿಗೆ ಅಕ್ಷರವೇ ಬಾರದು. ಶಿಬಿರಗಳಲ್ಲಿ ಬೆಳೆದವನು ಶಾಲೆಯ ಮುಖವನ್ನೇ ಕಾಣದಿದ್ದರೂ ವಯಸ್ಸನ್ನು ನೋಡಿ ದೊಡ್ಡ ತರಗತಿಯಲ್ಲಿ ಕೂರಿಸಿದ್ದರು. ಅವನು ಬಾಯಿ ಬಿಡದೆ, ನಾಚಿಕೆಯಿಂದ ಹಿಂದಿನ ಸಾಲಿನಲ್ಲಿ ದಿನ ಕಳೆಯುತ್ತಿದ್ದನು. ಆಟದಿಂದ ಅದು ಬೆಳಕಿಗೆ ಬಂತು; ೨೦೦೭ರಲ್ಲಿ ಅಂಥವರಿಗಾಗಿಯೇ ಒಂದು ಶಾಲೆ ತೆರೆಯಿತು. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತವನಾಗಿ ನಾನು ಈ ಅಂಶವನ್ನು ಒತ್ತಿ ಹೇಳುತ್ತೇನೆ: ಪಾಠದ ಕೋಣೆಯಲ್ಲಿ ಮುಚ್ಚಿಡಬಹುದಾದುದನ್ನು ಮಕ್ಕಳು ಬಯಲಿನಲ್ಲಿ ಮುಚ್ಚಿಡಲಾರರು. ಪರಊರಿನಿಂದ ನಡುವರ್ಷದಲ್ಲಿ ಬಂದು ಸೇರಿದ ಹುಡುಗನು ನಮ್ಮವನಾದನೇ ಎಂಬುದನ್ನು ಹಾಜರಿ ಪುಸ್ತಕದಲ್ಲಿ ನೋಡಿ ತಿಳಿಯಲಾಗದು. ಬಿಡುವಿನ ಗಂಟೆ ಬಾರಿಸಿದಾಗ ಕಿಟಕಿಯಿಂದ ನೋಡಬೇಕು. ಕಬಡ್ಡಿಯ ಗೆರೆ ಎಳೆಯುವವರು ಅವನನ್ನು ಕರೆದರೋ, ಅವನು ಬೇವಿನ ಮರಕ್ಕೆ ಒರಗಿ ನಿಂತನೋ?

ಕ್ಲಾರ್ಕ್‌ಸ್ಟನ್ನಿನ ಮಾತು ಮುಗಿದಿಲ್ಲ. ಊರಿನ ಉದ್ಯಾನದಲ್ಲಿ ಹಸುರು ಮೈದಾನವೊಂದಿತ್ತು. ೨೦೦೬ರಲ್ಲಿ ಅಲ್ಲಿಯ ಪುರಾಧ್ಯಕ್ಷರು ಅದರಲ್ಲಿ ಕಾಲ್ಚೆಂಡಾಟ ಕೂಡದೆಂದು ತಡೆದರು. ಅದು ಬೇಸ್‌ಬಾಲ್ ಎಂಬ ಅವರ ದೇಶದ ಆಟಕ್ಕೆ ಮೀಸಲೆಂಬ ಕಾರಣ ಕೊಟ್ಟರು. ಹುಡುಗರು ಶಾಲೆಯೊಂದರ ಹಿಂದೆ, ಹುಲ್ಲು ಹತ್ತದ, ಗಾಜಿನ ಚೂರು ಬಿದ್ದ ನೆಲದಲ್ಲಿ ಅಭ್ಯಾಸ ಮಾಡುತ್ತಿದ್ದರು. ಪುರಸಭೆಯಲ್ಲಿ ವಾದವಿವಾದ ನಡೆದವು. ೨೦೦೭ರ ಆರಂಭದಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಇದನ್ನು ವರದಿ ಮಾಡಿದಾಗ ಸಂಗತಿ ದೇಶಕ್ಕೆಲ್ಲ ತಿಳಿಯಿತು. ಗಮನಿಸಿ: ಆ ಮಕ್ಕಳಿಗೆ ಮನೆಯನ್ನು ನಿರಾಕರಿಸಲಿಲ್ಲ, ಶಾಲೆಯನ್ನು ನಿರಾಕರಿಸಲಿಲ್ಲ, ಔಷಧವನ್ನು ನಿರಾಕರಿಸಲಿಲ್ಲ. ನಿರಾಕರಿಸಿದ್ದು ನಾಲ್ಕು ಮಾರು ಹುಲ್ಲುನೆಲವನ್ನು. ಅನ್ನ ಕೊಡಲು ಸಿದ್ಧವಾದ ಊರು ಅಂಗಳ ಬಿಡಲು ಒಪ್ಪಲಿಲ್ಲ. ಏಕೆಂದರೆ ಅನ್ನ ಕೊಟ್ಟರೆ ಅವನು ಅತಿಥಿಯಾಗಿಯೇ ಉಳಿಯುತ್ತಾನೆ. ಅಂಗಳ ಬಿಟ್ಟರೆ ಅವನು ಊರವನಾಗುತ್ತಾನೆ. ಇದನ್ನು ತಡೆದವರು ಚೆನ್ನಾಗಿಯೇ ಅರಿತಿದ್ದರು. ಹೊಗಳುವವರು ಬಹಳ ಸಲ ಅರಿತಿರುವುದಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯ. ಆಟವು ತಾನಾಗಿಯೇ ಕೂಡಿಸುವುದೆಂಬ ಭ್ರಮೆ ಬೇಡ. ಅದು ಒಡೆಯಲೂಬಲ್ಲದು. ಓಣಿ ಓಣಿಗೊಂದು ತಂಡ, ಜಾತಿ ಜಾತಿಗೊಂದು ತಂಡ ಕಟ್ಟಿ ಪಂದ್ಯ ಮುಗಿಯುವ ಹೊತ್ತಿಗೆ ಕೈಗೆ ಕೋಲು ಬರುವುದನ್ನು ಹಳ್ಳಿಗಳಲ್ಲಿ ಕಾಣದವರಿಲ್ಲ. ಬಂದವರೆಲ್ಲ ಒಂದು ತಂಡ, ಊರವರೆಲ್ಲ ಇನ್ನೊಂದು ತಂಡವಾದರೆ ಗೆರೆಯನ್ನು ಅಳಿಸಿದಂತಾಗಲಿಲ್ಲ, ಸುಣ್ಣ ಬಳಿದು ತೀಡಿದಂತಾಯಿತು. ವರ್ಷಕ್ಕೊಮ್ಮೆ ನಿರಾಶ್ರಿತರ ದಿನವೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಟೋಪಿ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಹೋಗುವುದು ಆಟವಲ್ಲ, ಮೆರವಣಿಗೆ. ವಾರವಾರವೂ ಅದೇ ಬಯಲು, ಅದೇ ಹೊತ್ತು, ಅದೇ ಜೊತೆಗಾರರು. ಬಾರದಿದ್ದರೆ ‘ಏಕೋ ಬರಲಿಲ್ಲ?’ ಎಂದು ಕೇಳುವವನೊಬ್ಬನು. ಕೆಲಸ ಮಾಡುವುದು ಇಷ್ಟೇ.

ಇನ್ನೊಂದು, ಆಟದ ಗೆಲುವು ಕಾಗದಪತ್ರಕ್ಕೆ ಬದಲಿಯಲ್ಲ. ಸಿಂಡಿ ಎಂಗಾಂಬಾ ಎಂಬ ಹೆಣ್ಣುಮಗಳು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಇಂಗ್ಲೆಂಡಿನ ಬೋಲ್ಟನ್ ಪಟ್ಟಣಕ್ಕೆ ಬಂದವಳು. ಅಲ್ಲಿ ಮುಷ್ಟಿಯುದ್ಧವನ್ನು ಕಲಿತಳು. ಇಪ್ಪತ್ತರ ವಯಸ್ಸಿನ ಸುಮಾರಿಗೆ, ಕಾಗದಗಳು ಸರಿಯಿಲ್ಲವೆಂದು ಅವಳನ್ನು ಹಿಡಿದು ಬಂಧನದಲ್ಲಿಟ್ಟದ್ದುಂಟು. ಆಮೇಲೆ ನಿರಾಶ್ರಿತಳೆಂಬ ಮನ್ನಣೆ ದೊರೆಯಿತು. ಆದರೆ ಆ ದೇಶದ ಪೌರತ್ವವಿಲ್ಲದ್ದರಿಂದ ಅದರ ಧ್ವಜದಡಿಯಲ್ಲಿ ಒಲಿಂಪಿಕ್ ಕ್ರೀಡೆಗಿಳಿಯುವಂತಿರಲಿಲ್ಲ. ೨೦೨೪ರಲ್ಲಿ ಪ್ಯಾರಿಸಿನಲ್ಲಿ ನಿರಾಶ್ರಿತರ ತಂಡದ ಪರವಾಗಿ ಕಾದಿ ಕಂಚಿನ ಪದಕ ಪಡೆದಳು. ಯಾವ ನಾಡಿನ ಬಾವುಟವೂ ಇಲ್ಲದ ಆ ತಂಡಕ್ಕೆ ಸಿಕ್ಕ ಮೊಟ್ಟಮೊದಲ ಪದಕವದು. ೨೦೧೬ರಲ್ಲಿ ರಿಯೋ ನಗರದಲ್ಲಿ ಆ ತಂಡ ಮೊದಲು ಹೊರಟಾಗ ಇದ್ದವರು ೧೦ ಜನ. ಅವರಲ್ಲಿ ಐವರು ದಕ್ಷಿಣ ಸೂಡಾನಿನ ಓಟಗಾರರು, ಕೀನ್ಯಾ ದೇಶದ ಕಾಕುಮಾ ಮುಂತಾದ ಶಿಬಿರಗಳಲ್ಲಿ ಬೆಳೆದವರು. ಪ್ಯಾರಿಸಿನಲ್ಲಿ ೩೭. ಕೋಟಿಗಟ್ಟಲೆ ಜನರ ಮುಂದೆ ಈ ಎಣಿಕೆ ಏನೂ ಅಲ್ಲ. ಪದಕ ಗೆಲ್ಲುವ ಯೋಗ್ಯತೆ ಇದ್ದವನಿಗೆ ಮಾತ್ರ ಬಾಗಿಲು ಎಂದಾದರೆ ಅದು ಇನ್ನೊಂದು ಬಗೆಯ ಅಗುಳಿ. ಕಾಲು ತೊಡರಿ ಬೀಳುವ ಹುಡುಗನಿಗೂ ಗೆರೆಯೊಳಗೆ ಎಡೆಯಿರಬೇಕಾದುದೇ ಮುಖ್ಯ.

ದೂರದ ದೇಶದ ಮಾತುಗಳಾದವು. ನಮ್ಮ ಕನ್ನಡ ನಾಡಿಗೂ ನಿರಾಶ್ರಿತರ ಋಣಾನುಬಂಧ ಉಂಟು. ೧೯೫೯ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಬಳಿಕ ಅವರ ಹಿಂದೆ ಬಂದ ಟಿಬೇಟಿನ ಜನರಿಗೆ ಅಂದಿನ ಮೈಸೂರು ರಾಜ್ಯವು ಭೂಮಿ ಕೊಟ್ಟಿತು. ಪಿರಿಯಾಪಟ್ಟಣದ ಬಳಿ ಬೈಲುಕುಪ್ಪೆಯಲ್ಲಿ ೧೯೬೦ರಲ್ಲಿ, ಉತ್ತರ ಕನ್ನಡದ ಮುಂಡಗೋಡದಲ್ಲಿ ೧೯೬೬ರಲ್ಲಿ ಅವರ ನೆಲೆಗಳು ಆರಂಭವಾದವು. ಹಿಮದ ನಾಡಿನವರು ಕಾಡು ಕಡಿದು, ಆನೆಗಳ ಕಾಟ ತಾಳಿ, ಮುಸುಕಿನ ಜೋಳ ಬೆಳೆದರು. ಶರಣರು ಬಂದು ನೆಲೆಸಿದ ಉಳವಿಯೂ ಅದೇ ಉತ್ತರ ಕನ್ನಡದಲ್ಲಿದೆ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೆ? ಈ ಟಿಬೇಟಿಯನ್ನರಿಗೆ ಕಾಲ್ಚೆಂಡಿನ ಮೇಲೆ ಪ್ರಾಣ. ಅಲ್ಲಲ್ಲಿಯ ವಸಾಹತುಗಳ ತಂಡಗಳು ದಲೈಲಾಮಾ ಅವರ ತಾಯಿಯ ಸ್ಮಾರಕವಾದ ಚಿನ್ನದ ಬಟ್ಟಲಿಗಾಗಿ ೧೯೮೧ರಿಂದ ಸ್ಪರ್ಧಿಸುತ್ತ ಬಂದಿವೆ. ಬೈಲುಕುಪ್ಪೆಯಲ್ಲಿಯೂ ಆ ಪಂದ್ಯಗಳು ನಡೆದಿವೆ. ಚದುರಿಹೋದವರು ಒಬ್ಬರನ್ನೊಬ್ಬರು ಕಾಣಲು ಆಟವೇ ಅವರಿಗೆ ಜಾತ್ರೆಯಾಗಿದೆ. ಅವರ ಚಿನ್ನದ ಗೋಪುರವನ್ನು ನೋಡಲು ಕುಶಾಲನಗರದ ಕಡೆಯಿಂದ ಬಸ್ಸುಗಟ್ಟಲೆ ಹೋಗುವ ನಮ್ಮವರು ಅವರ ಆಟದ ಬಯಲಿನ ಅಂಚಿನಲ್ಲಿ ಒಂದು ಸಂಜೆ ನಿಂತಿದ್ದರೆ, ಅರ್ಧ ಶತಮಾನದ ನೆರೆಹೊರೆಗೆ ಇನ್ನೊಂದು ಬಣ್ಣ ಬರುತ್ತಿತ್ತು.

ಬೆಂಗಳೂರಿನಲ್ಲಿ ನಡೆದ ಇನ್ನೊಂದು ಘಟನೆಯನ್ನು ಕ್ರಿಕೆಟ್ಟಿನ ಹುಚ್ಚಿರುವ ನಮ್ಮ ಮಕ್ಕಳು ಬಲ್ಲರು. ಅದರ ಹಿಂದಿನ ಕಥೆಯನ್ನು ಹಿರಿಯರೂ ತಿಳಿಯುವುದು ಲೇಸು. ೧೯೭೯ರ ಕೊನೆಗೆ ರಷ್ಯದ ಸೈನ್ಯ ಆಫ್ಘಾನಿಸ್ತಾನವನ್ನು ಹೊಕ್ಕಮೇಲೆ ಲಕ್ಷಾಂತರ ಜನ ಪಾಕಿಸ್ತಾನಕ್ಕೆ ಓಡಿಬಂದರು. ಪೇಶಾವರದ ಸುತ್ತಲಿನ ಶಿಬಿರಗಳಲ್ಲಿ ಹುಟ್ಟಿ ಬೆಳೆದ ಹುಡುಗರು ಅಲ್ಲಿಯ ಬೀದಿಮಕ್ಕಳನ್ನು ನೋಡಿ ದಾಂಡು ಹಿಡಿದರು. ತಂದೆತಾಯಿಗಳ ನಾಡಿನಲ್ಲಿ ಇಲ್ಲದ ಆಟ. ಆಶ್ರಯ ಕೊಟ್ಟ ನೆಲ ಕಲಿಸಿದ ಆಟ. ಅದನ್ನೇ ಹೊತ್ತುಕೊಂಡು ಮರಳಿ ತಮ್ಮ ದೇಶಕ್ಕೆ ಹೋಗಿ ತಂಡ ಕಟ್ಟಿದರು. ೨೦೧೭ರಲ್ಲಿ ಅವರಿಗೆ ಟೆಸ್ಟ್ ಪಂದ್ಯದ ಅಧಿಕಾರ ದೊರೆಯಿತು. ೨೦೧೮ರ ಜೂನ್ ೧೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಭಾರತದ ಎದುರು, ಅವರು ತಮ್ಮ ಮೊದಲನೆಯ ಟೆಸ್ಟ್ ಆಡಿದರು.

ಭಾರತವು ೪೭೪ ಓಟ ಗಳಿಸಿತು. ಆಫ್ಘಾನಿಸ್ತಾನದವರು ಎರಡು ಸರದಿಯಲ್ಲಿ ೧೦೯ ಮತ್ತು ೧೦೩. ಐದು ದಿನದ ಪಂದ್ಯ ಎರಡನೆಯ ದಿನವೇ ಮುಗಿಯಿತು. ಒಂದು ಸರದಿ ಮತ್ತು ೨೬೨ ಓಟಗಳ ಸೋಲು. ಹೊಸಬರೆಂದು, ಕಷ್ಟದಿಂದ ಬಂದವರೆಂದು ಯಾರೂ ಚೆಂಡನ್ನು ಮೆತ್ತಗೆ ಎಸೆಯಲಿಲ್ಲ. ನನ್ನ ಎಣಿಕೆಯಲ್ಲಿ ಅದೇ ದೊಡ್ಡ ಮರ್ಯಾದೆ. ಬಹುಮಾನದ ಬಟ್ಟಲನ್ನು ಕೈಗೆ ತೆಗೆದುಕೊಂಡ ಮೇಲೆ ಭಾರತದ ನಾಯಕ ಅಜಿಂಕ್ಯ ರಹಾನೆಯವರು ಎದುರಾಳಿಗಳನ್ನೂ ಕರೆದು, ಬಟ್ಟಲಿನ ಜೊತೆಗೆ ಎರಡೂ ತಂಡದವರು ಒಂದೇ ಸಾಲಿನಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಮೊದಲು ಸಮಾನರಾಗಿ ಕಾದಿ, ಆಮೇಲೆ ಸೇರಿ ನಿಂತದ್ದರಿಂದ ಆ ಕರೆಯಲ್ಲಿ ಕೊಡುವವನ ಕೈ ಮೇಲಿರಲಿಲ್ಲ. ಆರು ವರ್ಷ ತುಂಬುವುದರೊಳಗೆ ಅದೇ ನಾಡಿನವರು ಇಂಗ್ಲೆಂಡನ್ನು ದೆಹಲಿಯಲ್ಲಿಯೂ ಪಾಕಿಸ್ತಾನವನ್ನು ಚೆನ್ನೈಯಲ್ಲಿಯೂ ಸೋಲಿಸಿದರು. ೨೦೨೪ರ ಜೂನ್ ತಿಂಗಳಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಉಪಾಂತ್ಯ ಸುತ್ತನ್ನು ಸೇರಿದರು. ಶಿಬಿರದ ಧೂಳಿನಲ್ಲಿ ದಾಂಡು ಕೊಟ್ಟವರಿಗೇ ಸೋಲುಣಿಸುವಷ್ಟು ಬೆಳೆದರು.

ಆದರೆ ಆ ಕಥೆಯ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ಅರ್ಧ ಸತ್ಯವಾದೀತು. ೨೦೨೦ರ ನವೆಂಬರಿನಲ್ಲಿ ಆ ದೇಶವು ೨೫ ಮಂದಿ ಹೆಣ್ಣುಮಕ್ಕಳನ್ನು ಕ್ರಿಕೆಟ್ ಆಟಗಾರ್ತಿಯರಾಗಿ ನೇಮಿಸಿಕೊಂಡಿತ್ತು. ೨೦೨೧ರ ಆಗಸ್ಟಿನಲ್ಲಿ ತಾಲಿಬಾನರು ಅಧಿಕಾರ ಹಿಡಿದ ಮೇಲೆ ಹೆಣ್ಣುಮಕ್ಕಳ ಆಟ ನಿಂತಿತು. ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಆಟವು ತನ್ನದೇ ಆಟಗಾರ್ತಿಯರನ್ನು ನಿರಾಶ್ರಿತರನ್ನಾಗಿ ಮಾಡಿತು. ಅಕ್ಕನಿಗೆ ಅನುಭವಮಂಟಪದಲ್ಲಿ ಎಡೆ ಕೊಟ್ಟವರ ಮಕ್ಕಳಿಗೆ ಇದು ಎಷ್ಟು ದೊಡ್ಡ ಅನ್ಯಾಯವೆಂಬುದನ್ನು ವಿವರಿಸಬೇಕಾಗಿಲ್ಲ. ಅವರಲ್ಲಿ ಹಲವರು ಊರು ಬಿಟ್ಟು ಆಸ್ಟ್ರೇಲಿಯಾ ಸೇರಿದರು. ಅಲ್ಲಿಯ ಸಂಘಗಳು ಅವರನ್ನು ತಮ್ಮ ತಂಡಗಳಿಗೆ ಸೇರಿಸಿಕೊಂಡವು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ತಂಡಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಿದ ಮೇಲೆ, ೨೦೨೫ರ ಜನವರಿ ೩೦ರಂದು ಮೆಲ್ಬೋರ್ನ್ ನಗರದ ಜಂಕ್ಷನ್ ಓವಲ್ ಮೈದಾನದಲ್ಲಿ ಅವರು ಮೊದಲ ಬಾರಿಗೆ ಒಂದೇ ತಂಡವಾಗಿ ಕಣಕ್ಕಿಳಿದರು. ಎದುರಿಗೆ ನಿಂತವರು ಆ ನಾಡಿನ ಹೆಣ್ಣುಮಕ್ಕಳು.